ಅಲ್ಲಿ ಮಂದಿ ಮಲಗ್ಯಾರ

ಈ ಚಳಿಗೆ ಡೀಸೆಲ್ ಸುದ್ಧಾ ದಪ್ಪಾಗ್ತದ.
ಔರಾದದ ಕಡೆ ಬೆಳಗಿನ ಆರಕ್ಕ
ಕೀಲಿ ತಿರುವಿದರ ಜೇಸಿಬಿ ಕೆಮ್ಮತದ,
ಕೆಮ್ಮಿ ಸುಮ್ಮಾಗ್ತದ, ಮತ್ತ ಕೆಮ್ಮತದ.
ಝರೆಪ್ಪ ತೊಗರಿ ಕಟಗಿ ಒಟ್ಟಿ
ಅದರ ಹೊಟ್ಟಿ ಕೆಳಗ ಬೆಂಕಿ ಹಚ್ಚತಾನ,
ಮುನಿಸಿಕೊಂಡ ಎಮ್ಮಿನ್ನ ಎಬ್ಬಿಸಿದಂಗ.

ಎಳ್ಳ ಅಮಾಸಿ ನಿನ್ನಿ ಮುಗದದ.
ಬದುವಿನ ಮ್ಯಾಲ ಚೆಲ್ಲಿದ ಚರಗ
ಇನ್ನಾ ಹಸಿ ಹಸಿ ಕಾಣತದ.
ಕೆರಿ ಅಂಚು ಬಿಟ್ಟು ಒಳಗ ಸರದದ,
ಹೂಳು ತೆಗಿಯೂದು ನನ್ನ ಕೆಲಸ, ತಾಸಿಗಿಷ್ಟು ರೊಕ್ಕ.

ಹಿಂದಿನ ಬಕೆಟ್ ಊರಿ ಎಳದೆ.
ಕರಿ ಮಣ್ಣು ಬೆಲ್ಲದ ಪೆಂಟಿಯಂಗ ಕಿತ್ತು ಬಂತು.
ಅದರಾಗೊಂದು ಉಂಡಿ.
ಮಣ್ಣಲ್ಲ, ಕಲ್ಲಲ್ಲ.
ಝರೆಪ್ಪ ಚೀರಿದ: ಮಾಮಾ, ಬಂದ್ ಮಾಡು!

ಬಂದ್ ಮಾಡಿದೆ.

ಕಪ್ಪಿ.
ಅಂಗೈಯಾಗ ಇಟಗೊಂಡರ ಶೇಂಗಾ ಉಂಡಿಯಷ್ಟು.
ಕಾಲು ಮಡಚಿ, ಗದ್ದ ಎದಿಗೆ ಒತ್ತಿ,
ಕಣ್ಣಿನ ಮ್ಯಾಲ ಕಣ್ಣಿಂದೇ ಚಾದರ.
ತಂಪು ಅಂದ್ರ ಸತ್ತದ್ದರ ತಂಪು.
ಊದಿದೆ, ಅಲುಗಲಿಲ್ಲ.
ಝರೆಪ್ಪ ಬೀಡಿ ಕೆಂಡ ಹತ್ರ ತಂದ,
ಅವನ ಕೈ ಮ್ಯಾಲ ಹೊಡದೆ.
ಎಬ್ಬಿಸಿ ಏನು ಕೊಡತಿ ತಿನ್ನಾಕ?
ಈ ಹೊತ್ತಿಗೆ ನೊಣಕ್ಕೂ ರೆಕ್ಕಿ ಏಳಂಗಿಲ್ಲ.

ಎಷ್ಟೋ ಹೊತ್ತಿನ ಮ್ಯಾಲ
ಗಂಟಲ ಕೆಳಗಿನ ತೊಗಲು
ಒಂದು ಸಲ ಎದ್ದು ಬಿತ್ತು.
ಇನ್ನೊಂದು ಸಲಕ್ಕ ಕಾದೆವು.
ಅಷ್ಟರಾಗ ರಸ್ತಾದ ಮ್ಯಾಲ ಭಾಲ್ಕಿ ಬಸ್ಸು
ಬಂತು, ನಿಂತು, ಮಂದಿ ಇಳಿಸಿ ಹೋತು.
ಆಮ್ಯಾಲ ಎದ್ದು ಬಿತ್ತು.

ಹೊಳ್ಳಿಸಿದರ, ಹಿಂಗಾಲಿನ ಹಿಮ್ಮಡಕ್ಕ
ಗಟ್ಟಿ ಉಗುರಿನಂಥಾ ಒಂದೊಂದು ಸಲಿಕಿ.
ನೋಡಲೆ ಝರೆಪ್ಪಾ,
ಇದೂ ನನ್ನಂಗ ಹಿಂದಿನಿಂದನ ಅಗಿತದ!
ಮಳಿ ಹಿಂದಾದ ದಿನ ಮುಕಳಿ ಊರಿ
ಎಡಕ್ಕೊಂದು ಬಲಕ್ಕೊಂದು ಕಾಲು ಹೊಡದು
ಮುಖ ಮಾತ್ರ ಆಕಾಶದ ಕಡಿ ಇಟಗೊಂಡು
ಇಳದು ಹೋಗಿರಬೇಕು,
ಲೈಸೆನ್ಸಿಲ್ಲದ ಆಪರೇಟರ.
ತನ್ನಷ್ಟೇ ಕುಣಿ, ಒಂದು ಬೆರಳು ಹೆಚ್ಚಿಲ್ಲ.
ಇಪ್ಪತ್ತು ವರ್ಷ ಅಗದೀನಿ,
ನನ್ನ ಒಂದು ಕುಣಿನೂ
ಯಾರ ಮೈಗೂ ಹಿಂಗ ಸರಿ ಬಂದಿಲ್ಲ.

ನಮ್ಮವ್ವ ಹಿಂಗ ಮಾಡತಿದ್ದಳು.
ಜ್ವಾಳದ ಗುಮ್ಮಿ ತಳ ಕಂಡ ವರ್ಷ
ಹೊತ್ತು ಮುಣಗೂದ್ರಾಗ ನಾಕೂ ಮಕ್ಕಳನ್ನ
ಒಂದೇ ಕೌದಿಯಾಗ ಒತ್ತಿ, ಚಿಮಣಿ ಆರಿಸಿ
ಅಲುಗಬ್ಯಾಡ್ರಿ ಅಂತಿದ್ದಳು,
ಅಲುಗಿದರ ಉಂಡದ್ದು ಕರಗತದ.
ಆಕಿಗಿ ಯಾವ ಕಪ್ಪಿ ಕಲಿಸಿತ್ತೋ.

ಜಾಲಿ ಗಿಡದ ಬುಡಕ್ಕ
ಕೈಲೆ ತೆಗ್ಗು ತಗದು ಇಟ್ಟೆ.
ಮ್ಯಾಲ ಸಡಲ ಮಣ್ಣು ಎಳದೆ, ತುಳಿಲಿಲ್ಲ.
ಮೃಗಶಿರಕ್ಕ ಇನ್ನಾ ಐದು ತಿಂಗಳು ಮ್ಯಾಲ ಅದ.
ಝರೆಪ್ಪ ಬೆರಳು ಎಣಿಸಿ ಕೇಳಿದ:
ಮಾಮಾ, ಸೋಮವಾರದಿಂದ ಎಷ್ಟು ಟ್ರಾಲಿ ಹೋಗ್ಯಾವ?
ಅರವತ್ತೆರಡು.
ಅಂವ ಮತ್ತೇನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಧ್ಯಾಹ್ನ ಟೇಪ್ ಹಿಡಕೊಂಡು
ಬಿರಾದಾರ ಇಂಜಿನಿಯರ್ರು ಬಂದರು.
ಈ ಮೂಲಿ ಯಾಕ ಉಳದದ?
ಬಿಲ್ಲಿನಾಗ ಹ್ಯಾಂಗ ತೋರಸಲಿ?
ಅಲ್ಲಿ ಮಂದಿ ಮಲಗ್ಯಾರ್ರಿ, ಅಂದೆ.
ಹಳೀ ಗೋರಿ ಅಂತ ತಿಳಕೊಂಡರೋ ಏನೋ,
ಚಪ್ಪಲಿ ಬಿಚ್ಚಿ ಎರಡು ಹೆಜ್ಜಿ ಹಿಂದ ಸರದರು.
ನಾ ತಿದ್ದಲಿಲ್ಲ.

ರಾತ್ರಿ ಕ್ಯಾಬಿನ್ನಿನಾಗ ಕಾಲು ಮಡಚಿ
ಗದ್ದ ಎದಿಗೆ ಒತ್ತಿ ಬಿದ್ದೆ.
ಗಾಜಿಗೆ ಮಂಜು ಕಟ್ಟತು.
ತಣ್ಣಗಾಗೂ ಇಂಜಿನ್ನು
ಒಮ್ಮೆ ಟಕ್ ಅಂತು.

ಮತ್ತೊಂದು ಟಕ್ಕಿಗೆ
ಕಾದೆ.